ಅರ್ಧ ಇಂಚು

ಮಂಡಿ ಮೊಹಲ್ಲಾದ ನನ್ನಂಗಡಿಯ ಅಳತೆ ಪುಸ್ತಕದಲ್ಲಿ
ನೂರಾ ಹನ್ನೆರಡನೇ ಪುಟ ಪೂರ್ತಿ ಅವನದು.
ಗುರುಮಲ್ಲಪ್ಪ. ಎದೆ ಮೂವತ್ತಾರು, ಸೊಂಟ ಇಪ್ಪತ್ತೊಂಬತ್ತು.
ಪಕ್ಕದಲ್ಲಿ ಅಬ್ಬಾ ಉರ್ದುವಿನಲ್ಲಿ ಗೀಚಿದ್ದು:
ಕೆ.ಇ.ಬಿ. ನೌಕರ, ಸಾಲ ಕೊಡಬಹುದು.

ಆಗ ಅವನು ಮನೆ ಮನೆ ಮೀಟರ್ ಓದುತ್ತಿದ್ದ.
ಗೇಟು ಸದ್ದಾದರೆ ಹೆಂಗಸರು
ಹೀಟರಿನ ವೈರು ಕಿತ್ತು ಬಚ್ಚಿಡುತ್ತಿದ್ದರು.
‘ಆ ಮುಖಗಳನ್ನ ನೋಡೀ ನೋಡೀ ಕಲಿತೆ ಮುನೀರಣ್ಣ,
ನಾನೇನೂ ಮಾಡಬೇಕಿಲ್ಲ, ಸುಮ್ಮನೆ ನಿಂತರೆ ಸಾಕು.’

ಮೊದಲ ಧಾರಾವಾಹಿಯಲ್ಲಿ ಅವನಿಗೆ ಒಂದೇ ಮಾತು:
‘ಬಾಡಿಗೆ.’
ಅದಕ್ಕೊಂದು ಚೌಕಳಿ ಅಂಗಿ ಹೊಲಿದೆ.
ಎರಡನೆಯದರಲ್ಲಿ ಬಡ್ಡಿ ವ್ಯಾಪಾರಿ, ಎದೆ ಮೂವತ್ತೆಂಟು.
ಮೂರನೆಯದರಲ್ಲಿ ಅಣ್ಣನ ಮಗಳ ಮನೆಪತ್ರ ಕದ್ದ ಚಿಕ್ಕಪ್ಪ,
ಸಾವಿರದ ಆರುನೂರು ಕಂತು, ಎದೆ ನಲವತ್ತೆರಡು,
ರೇಷ್ಮೆ ಜುಬ್ಬಾ, ಬಂಗಾರದ ಬಣ್ಣದ ಗುಂಡಿ.

ಆಗಲೇ ಅವನು ಹೇಳಿದ್ದು:
‘ಭುಜದ ಹತ್ರ ಅರ್ಧ ಇಂಚು ಹಿಡಿ.
ಬಟ್ಟೆ ಬಿಗಿ ಇದ್ರೆ ಸಿಟ್ಟು ಹುಡುಕಬೇಕಾಗಲ್ಲ.
ಕೆಟ್ಟವನು ಆರಾಮಾಗಿ ಕೈ ಎತ್ತಬಾರದು ನೋಡು.’

ರಾತ್ರಿ ಎಂಟೂವರೆಗೆ ಅಮ್ಮೀ ಟಿವಿ ಹಾಕುತ್ತಿದ್ದಳು,
ಅವನು ಬಂದಾಗ ಬೆನ್ನು ತಿರುಗಿಸಿ ಕೂರುತ್ತಿದ್ದಳು.
ನಾನು ಹೊಲಿಗೆ ನೋಡುತ್ತಿದ್ದೆ.
ಆ ಹುಡುಗಿಯನ್ನು ಅವನು ಬೀದಿಗೆ ತಳ್ಳಿದ ದಿನ
ಊರೆಲ್ಲ ಅತ್ತಿತಂತೆ;
ನನ್ನ ಕಣ್ಣು ಎಡತೋಳಿನ ಸಂದಿಯಲ್ಲಿ,
ಬಿಟ್ಟೀತೇ, ತಡೆದೀತೇ ಅಂತ.
ತಡೆಯಿತು.

ರವಿಕೆಗೆ ಬಂದ ಇಟ್ಟಿಗೆಗೂಡಿನ ಪುಟ್ಟತಾಯಮ್ಮ
ಹ್ಯಾಂಗರಿನಲ್ಲಿದ್ದ ಜುಬ್ಬಾ ಗುರುತು ಹಿಡಿದರು.
‘ಇದು ಅವನದಲ್ವಾ?’ ಅಂದವರೇ
ಮೇಜಿನ ಮೇಲಿದ್ದ ಗುಂಡುಪಿನ್ನು ತೆಗೆದು
ಎದೆಯ ಜಾಗಕ್ಕೆ ಸರಿಯಾಗಿ ಚುಚ್ಚಿ,
ಮತ್ತೆ ಕತ್ತು ಎಷ್ಟು ಇಳಿಸಬೇಕೆಂಬ ಮಾತಿಗೆ ಬಂದರು.
ನಾನದನ್ನು ತೆಗೆಯಲು ಮರೆತೆ.
ಹಾಕಿ ನೋಡುವಾಗ ಹಾ ಅಂದ. ಕಾರಣ ಕೇಳಿದ.
ಪಿನ್ನನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡ.
ಅವನಿಗೆ ಬಂದ ಪ್ರಶಸ್ತಿ ಅದೊಂದೇ ಅಂತ ಕಾಣುತ್ತೆ.

ಬೆಳಗಿನ ಚಾಮುಂಡಿ ರೈಲಿನಲ್ಲಿ ಶೂಟಿಂಗಿಗೆ ಹೋಗುತ್ತಿದ್ದ.
ಮಂಡ್ಯದಲ್ಲಿ ಹತ್ತಿದ ಅಜ್ಜಿಯೊಬ್ಬಳು
ಎದುರು ಸೀಟಿನಲ್ಲಿ ಕೂತು, ನೋಡಿ, ಎದ್ದು,
ಮದ್ದೂರು ದಾಟಿದರೂ ನಿಂತೇ ಇದ್ದಳಂತೆ.
‘ನಾನೇ ಎದ್ದು ಹೋಗಿ ಬಾಗಿಲ ಹತ್ರ ನಿಂತೆ,
ಆಗ ಕೂತಳು.’
ಇದನ್ನು ನಗುತ್ತ ಶುರು ಮಾಡಿದ್ದ.

ಹೋದ ಶ್ರಾವಣದಲ್ಲಿ ಬಂದು ಅಂದ:
‘ಬುಧವಾರ ನನ್ನನ್ನ ಸಾಯಿಸ್ತಾರಂತೆ.
ಮಹಡಿ ಮೆಟ್ಟಿಲು. ನಾನೇ ಸುರಿದ ಎಣ್ಣೆ, ನಾನೇ ಜಾರೋದು.’
ಒಂದು ಬಿಳಿ ಅಂಗಿಗೆ ಅಳತೆ ಕೊಟ್ಟ, ಸ್ವಂತಕ್ಕೆ,
ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ.
‘ಭುಜ ಸಡಿಲ ಬಿಡು.’
ಬಿಟ್ಟೆ. ಆ ಅಂಗಿಯಲ್ಲಿ ಅವನು
ಹಾಲಿನ ಸಾಲಿನಲ್ಲಿ ನಿಲ್ಲುವ ಯಾರೋ ಆಗಿಬಿಟ್ಟ.
ದೇವರಾಜ ಮಾರ್ಕೆಟ್ಟಿನ ವೀಳ್ಯದೆಲೆಯವನು
ಗುರುತೇ ಹಿಡಿಯದೆ
ನೂರು ಎಂದು ಎಂಬತ್ತು ಎಲೆ ಎಣಿಸಿ ಕಳಿಸಿದನಂತೆ.
ಅದು ಖುಷಿಯೋ ಬೇಜಾರೋ, ನನಗೆ ತಿಳಿಯಲಿಲ್ಲ.

ಮೊನ್ನೆ ಮತ್ತೆ ಬಂದಿದ್ದ.
ಸತ್ತ ಚಿಕ್ಕಪ್ಪನಿಗೆ ಅವಳಿ ತಮ್ಮ ಇದ್ದನಂತೆ, ದುಬೈಯಲ್ಲಿ.
‘ಅವನಾದ್ರೂ ಒಳ್ಳೆಯವನಾ?’
‘ಮೊದಲ ಹತ್ತು ಕಂತು.’

ಟೇಪು ಹಿಡಿದೆ. ಎದೆ ಮೂವತ್ತೊಂಬತ್ತಕ್ಕೆ ಇಳಿದಿದೆ,
ಬಲಗೈ ಕಿವಿಯಿಂದ ಮೇಲೆ ಏಳುವುದಿಲ್ಲ.
‘ಅರ್ಧ ಇಂಚು’ ಅಂದ, ಕನ್ನಡಿ ನೋಡುತ್ತ.
ಆಯ್ತು ಅಂದೆ.
ಸೀಮೆಸುಣ್ಣದಲ್ಲಿ ಗೆರೆ ಎಳೆದೆ, ಅವನಿಗೆ ಕಾಣುವ ಹಾಗೆ.
ಕತ್ತರಿ ಮಾತ್ರ
ಗೆರೆಯ ಆಚೆಯಿಂದ ಹೋಯಿತು.